ಸೆಕೆಂಡ್ ಹ್ಯಾಂಡ್ ಸಮುದ್ರ

ಇಡೀ ವಿಜಾಪುರ ಜಿಲ್ಲೆಯಲ್ಲಿ ಸಮುದ್ರವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡವರು ಒಬ್ಬರೇ, ನಮ್ಮ ಕಾಕಾ!

ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ಈ ಮಹಾನುಭಾವರ ಫಿಲಾಸಫಿ ವೆರಿ ಸಿಂಪಲ್. ಅನುಭವಿಸಿದ್ದಕ್ಕೆ ಮಾತ್ರ ರೊಕ್ಕ. ಒಮ್ಮೆ ಹುನಗುಂದದಿಂದ ಬಸ್ಸಿನಲ್ಲಿ ನಿಂತೇ ಬಂದವರು ಇಳಿಯುವಾಗ ಕಂಡಕ್ಟರನನ್ನು ಹಿಡಿದರು. "ನಿಂತಾಂವಗೂ ಕುಂತಾಂವಗೂ ಒಂದ ರೇಟ್ ಏನಪಾ?"

"ಈಗ ಬಸ್ ಖಾಲಿ ಐತ್ರಿ ಯಜಮಾನ್ರ. ವಾಪಸ್ ಹುನಗುಂದಕ್ಕ ಕುಂತು ಹೋಗ್ರಿ, ಲೆಕ್ಕ ಸರಿ ಆಗ್ತೈತಿ."

ಅವರ ಹೆಂಡತಿ, ನಮ್ಮ ಕಾಕು ಮಾತ್ರ ಮದುವೆಯಾದಾಗಿನಿಂದ ಕೇಳಿದ್ದು ಒಂದೇ. ಒಮ್ಮೆ ಸಮುದ್ರ ನೋಡಬೇಕು. ಎಂಬತ್ತರ ದಶಕದ ಕೊನೆಗೆ ಅದಕ್ಕೆ ಯೋಗ ಬಂತು. ಬಾಗಲಕೋಟೆಯ ವಿದ್ಯಾಗಿರಿಯ ಡಾಕ್ಟರೊಬ್ಬರಿಗೆ ಗೋವಾದಲ್ಲಿ ಟೈಮ್‌ಶೇರ್ ಇತ್ತು. ಅಂದರೆ, ಸಮುದ್ರದ ದಂಡೆಯ ಮೇಲಿನ ಒಂದು ಕೋಣೆ ವರ್ಷಕ್ಕೆ ಒಂದು ವಾರ ನಿಮ್ಮದು, ಮಿಕ್ಕ ವಾರ ಯಾರ್ಯಾರದೋ. ಡಾಕ್ಟರರ ಹೆಂಡತಿಗೆ ಮೀನಿನ ವಾಸನೆ ಆಗಿಬರಲಿಲ್ಲ. ಅವರ ಜನವರಿಯ ವಾರ ಮಾರಾಟಕ್ಕೆ ಬಂತು, ಕಾಕಾ ಕೊಂಡರು. ಕಾಕು ಆರು ತಿಂಗಳು ಮೊದಲೇ ಬ್ಯಾಗು ತುಂಬಿಟ್ಟರು.

ಅಷ್ಟರಲ್ಲಿ ಬಂತು ಆ ವರ್ಷದ ಮೆಂಟೇನನ್ಸ್ ಬಿಲ್. ಅದು ತುಂಬದ ಹೊರತು ಮುಂದಿನ ಜನವರಿಗೆ ಕೋಣೆಯಿಲ್ಲ. ಯಾರು ತುಂಬಬೇಕು? ನನ್ನ ಕಾನ್ವೆಂಟ್ ಇಂಗ್ಲಿಷ್ ಕೆಲಸಕ್ಕೆ ಬಂದೀತೆಂದು ಕಾಕಾ ನನ್ನನ್ನೂ ಡಾಕ್ಟರರ ಮನೆಗೆ ಎಳೆದೊಯ್ದರು. ಚಹಾಕ್ಕೆ 'ಥ್ಯಾಂಕ್ ಯೂ' ಎಂದದ್ದಷ್ಟೇ ನನ್ನ ಕಾಂಟ್ರಿಬ್ಯೂಷನ್.

"ಈ ವರ್ಷದ ವಾರ ಮಲಗಿ ಎದ್ದು ಬಂದವ್ರು ನೀವು. ನಿಮ್ಮ ನಿದ್ದಿಗೆ ನಾ ಯಾಕ ರೊಕ್ಕ ಕೊಡ್ಲಿರಿ?" ಎಂದರು ಕಾಕಾ.

"ಬಿಲ್ ನಿದ್ದೀದಲ್ರಿ, ಮೆಂಟೇನನ್ಸಿಂದು. ಈಗ ಮಾಲಕ್ರು ನೀವು."

"ಮೆಂಟೇನನ್ಸ್ ಅಂದ್ರ? ಸಮುದ್ರದ ಕಸಾ ಹೊಡೀತಾರೇನ್ರಿ?"

ಇದೇ ಮಾತಿಗೆ ಇಳಕಲ್ಲಿನಿಂದ ಮತ್ತೆ ಮತ್ತೆ ಹೋದರು. ಆ ಬಸ್ ಚಾರ್ಜಿನಲ್ಲಿ ಅರ್ಧ ಬಿಲ್ಲು ತುಂಬಬಹುದಿತ್ತು. ಒಂದು ದಿನ ಕಾಕು ಬ್ಯಾಗಿನ ಸೀರೆಗಳನ್ನು ತೆಗೆದು ಕಪಾಟಿಗೆ ಇಟ್ಟರು. ಕೊನೆಯ ಸೀರೆ ಕೈಯಲ್ಲಿರುವಾಗ ಕೇಳಿದರು:

"ಮಗ್ಗದಾಗ ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಿ ಜೋಡಸ್ತಾರಲ್ರಿ, ಆ ಕೊಂಡಿ ಒಡಲಿಂದೋ, ಸೆರಗಿಂದೋ?"

"ಎರಡರದೂ."

"ಮತ್ತ ಮಾಲಕ್ರು ಬದಲಾದ ವರ್ಷ ಯಾರದ್ರಿ?"

ಕಾಕಾ ಮರುದಿನ ಡಾಕ್ಟರರ ಹತ್ತಿರ ಹೋಗಿ ಫಿಫ್ಟಿ-ಫಿಫ್ಟಿ ಮಾಡಿ ಬಂದರು.

ಗೋವಾಕ್ಕೆ ನಾನೂ ಹೋಗಿದ್ದೆ. ಕಾಕು ಹೊಸ ಸೀರೆಯ ನಿರಿಗೆ ಎತ್ತಿಕೊಂಡು, ಪಾದ ಮುಳುಗುವಷ್ಟು ನೀರಿನಲ್ಲಿ ಬಿಸಿಲು ಇಳಿಯುವವರೆಗೂ ನಿಂತರು. ಕಾಕಾ ದಂಡೆಯ ಮೇಲೆ ಅವರ ಚಪ್ಪಲಿ ಕಾಯುತ್ತ ಕುಳಿತರು. ನೀರಿಗಿಳಿದರೆ ಎಕ್ಸ್‌ಟ್ರಾ ಚಾರ್ಜ್ ಎಂದುಕೊಂಡರೋ ಏನೋ!

ಮರುವರ್ಷದ ಜನವರಿಗೆ ಕಾಕು ಇರಲಿಲ್ಲ. ಕಾಕಾ ಮತ್ತೆಂದೂ ಗೋವಾಕ್ಕೆ ಕಾಲಿಡಲಿಲ್ಲ, ವಾರವನ್ನು ಮಾರಲೂ ಇಲ್ಲ. ಬಿಲ್ಲು ಬಂದಾಗೆಲ್ಲ ಚೌಕಾಸಿಯಿಲ್ಲದೆ ಪೂರ್ತಿ ತುಂಬಿದರು.

"ಹೋಗಂಗಿಲ್ಲ, ಮಲಗಂಗಿಲ್ಲ. ಮತ್ತ ರೊಕ್ಕ ಯಾಕ ತುಂಬ್ತೀರಿ ಕಾಕಾ?" ಎಂದೆ.

ಕಾಕಾ ಸೀರೆಯೊಂದರ ಮಡಿಕೆ ಸರಿಮಾಡುತ್ತ ಹೇಳಿದರು:

"ಆಕಿ ನಿಂತ ಜಾಗಾ ಐತಲ್ಲವ್ವಾ. ಯಾರರ ಕಸಾ ಹೊಡೀಬೇಕಲ್ಲ."