ಕೊನೆಯ ಜಟಕಾ ಮತ್ತು ನನ್ನ ಒಂದು ಕೈ

ಕೈ ಎತ್ತುವುದೇನು ಮಹಾ ಕೆಲಸ ಎಂದು ನೀವು ಕೇಳಬಹುದು. ನಗರಸಭೆಗೆ ಆರಿಸಿ ಬರುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಬಂದ ಮೇಲೆ ತಿಳಿಯಿತು, ಕೈ ನನ್ನದಾದರೂ ಅದನ್ನು ಎತ್ತಿಸುವವರು ಬೇರೆ.

ದೇವರಾಜ ಮೊಹಲ್ಲಾದ ಜಟಕಾ ಸ್ಟ್ಯಾಂಡನ್ನು ಎತ್ತಿಸಬೇಕೆಂದು ನಮ್ಮ ಪಕ್ಷವೇ ಠರಾವು ತಂದಿತು. ಎಲೆಕ್ಷನ್ನಿನಲ್ಲಿ ನನ್ನನ್ನು ಬೀದಿ ಬೀದಿ ಸುತ್ತಿಸಿದ ಜಟಕಾ ಮಾದಯ್ಯ ಮನೆಗೇ ಬಂದ. "ಸ್ಟ್ಯಾಂಡ್ ಎತ್ತಿಸ್ಬುಟ್ರೆ ಕುದ್ರೆ ಕಟ್ಕಂಡು ಎಲ್ಗೋಗಾನ, ಸೋಮಿ?" ಅಂದ. ನಾನಿದ್ದೇನೆ, ಹೋಗಯ್ಯ ಎಂದು ಧೈರ್ಯ ಹೇಳಿಬಿಟ್ಟೆ. ಒಳಗಿನಿಂದ ನನ್ನ ಹೆಂಡತಿ, "ಮಾತು ತಪ್ಪಿದ್ರೆ ನಾನು ಸುಮ್ನಿರೋಳಲ್ಲ ಕಣ್ರೀ" ಎಂದು ಮೊಹರು ಒತ್ತಿದಳು.

ನಮ್ಮ ಲೀಡರ್ ಚೆಲುವೇಗೌಡರು ಮಾತ್ರ, "ಕೈ ಎತ್ತದೋರು ಮುಂದಿನ ಸಲ ಟಿಕೆಟ್ ಮರ್ತುಬುಡಿ" ಅಂದುಬಿಟ್ಟರು. ಓಟಿನ ದಿನ ಬೆಳಿಗ್ಗೆಯೇ ನಮ್ಮನ್ನೆಲ್ಲ ಯಾದವಗಿರಿಯ ತಮ್ಮ ಬಂಗಲೆಗೆ ಕರೆಸಿ ಗೇಟು ಹಾಕಿಸಿದರು. ಎಲೆಯಡಿಕೆಗೆ ಸುಣ್ಣ ತರುತ್ತೇನೆಂದು ಎದ್ದರೂ ಜೊತೆಗೊಬ್ಬರು ಬರುತ್ತಿದ್ದರು. ಆದರೆ ಊಟ! ಅಯ್ಯೋ, ಅವರ ಮನೆಯ ಒಬ್ಬಟ್ಟು! ತಾವೇ ನಿಂತು ತುಪ್ಪ ಬಡಿಸಿದರು, ಠರಾವಿನ ಮಾತೇ ಎತ್ತಲಿಲ್ಲ. ತುಪ್ಪ ಇಳಿದಂತೆಲ್ಲ ನನ್ನ ಧೈರ್ಯವೂ ಇಳಿಯುತ್ತ ಬಂತು. ಟಿಕೆಟ್ಟೋ ಮಾದಯ್ಯನೋ ಎಂಬ ಚಿಂತೆಯಲ್ಲೇ ಆರು ತಿಂದೆ. ಏಳನೆಯದಕ್ಕೆ ಕಾದು ಕೂತಿದ್ದರಿಂದ ಉಳಿದವರೆಲ್ಲ ಮುಂದೆ ಹೊರಟು, ನನ್ನೊಬ್ಬನಿಗೆ ಕೊನೆಯ ಗಾಡಿ ಉಳಿಯಿತು.

ಗೌಡರು ಎಲ್ಲ ಯೋಚಿಸಿದ್ದರು, ಒಂದನ್ನು ಬಿಟ್ಟು. ಜಟಕಾ ಸ್ಟ್ಯಾಂಡ್ ಎತ್ತಿಸುವ ಓಟಿಗೆ ನಮ್ಮನ್ನು ಸಾಗಿಸಲು ಗೊತ್ತು ಮಾಡಿದ್ದು ಜಟಕಾಗಳನ್ನೇ! ಕೊನೆಯ ಗಾಡಿ ಮಾದಯ್ಯನದು. ಹತ್ತಿದ ಕೂಡಲೇ ನನಗೆ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಸುತ್ತ ರಾಗಿ ಹೊಲ. "ಇದ್ಯಾವೂರಯ್ಯ?" ಅಂದೆ. "ಮಂಡಕಳ್ಳಿ. ದಾರಿ ತಪ್ಪೋಯ್ತು ಸೋಮಿ" ಅಂದ, ಮೂವತ್ತು ವರ್ಷ ನಮ್ಮೂರಿನಲ್ಲೇ ಗಾಡಿ ಹೊಡೆದವನು.

ನಾವು ಹಿಂದಿರುಗುವಷ್ಟರಲ್ಲಿ ಒಂದೇ ಒಂದು ಕೈ ಕಡಿಮೆಯಾಗಿ ಠರಾವು ಬಿದ್ದುಹೋಗಿತ್ತು. ಗೌಡರು ಹಲ್ಲು ಕಡಿದು, "ನಿಮ್ದೇನ್ ತಪ್ಪು ಬುಡಿ, ಆ ಗಾಡಿಯೋನ್ದು" ಎಂದರು. ಟಿಕೆಟ್ಟು ಉಳಿಯಿತು, ಸ್ಟ್ಯಾಂಡೂ ಉಳಿಯಿತು. ಮನೆಯಲ್ಲಂತೂ, "ಪಾಪ, ನಿದ್ದೇಲೂ ಮಾತು ಉಳಿಸ್ಕೊಂಡ್ರಿ" ಎಂದು ನನಗೆ ಭಾರೀ ಮರ್ಯಾದೆ.

ಇಷ್ಟು ವರ್ಷ ಯಾರಿಗೂ ಹೇಳದ ಒಂದು ಸಂಗತಿಯಿದೆ, ನಿಮಗೆ ಹೇಳುತ್ತೇನೆ. ನಗರಸಭೆಯ ಕಡೆಗೆ ತಿರುಗಬೇಕಾದಲ್ಲಿ ಗಾಡಿ ನೇರ ಹೋದಾಗ ನನಗೆ ಎಚ್ಚರವಾಗಿತ್ತು. ಮಾದಯ್ಯ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದ. ನಾನು ಕಣ್ಣು ಮುಚ್ಚಿ, ಗೊರಕೆಯನ್ನು ಸ್ವಲ್ಪ ಜೋರು ಮಾಡಿದೆ.