ಪರೀಕ್ಷೆ ಮುಗಿದ ಮೇಲೆ ಗಂಡುಮಗು

ಜನಸಂಖ್ಯೆ ಎಂದರೆ ಬೇರೆಯವರ ಮಕ್ಕಳು. ಈ ಮಹಾಸತ್ಯವನ್ನು ನಾನು ಬಹಳ ಹಿಂದೆಯೇ ಕಂಡುಕೊಂಡಿದ್ದೆ. ಚಾಂದ್‌ಪುರದ ದೋಣಿಘಾಟಿನಲ್ಲಿ ಢಾಕಾ ಲಾಂಚು ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ತಲೆ ಕೆರೆದುಕೊಳ್ಳಲು ಕೈ ಎತ್ತಿದರೆ ಪಕ್ಕದವನ ತಲೆ ಸಿಗುತ್ತದೆ. ಅವನು ಬೈಯುವುದಿಲ್ಲ, "ಸ್ವಲ್ಪ ಎಡಕ್ಕೆ ಕೆರಿ ಭಾಯಿ" ಎನ್ನುತ್ತಾನೆ. "ಏನು ಜನ, ಏನು ಜನ! ಇಡೀ ದೇಶ ಒಂದು ದಿನ ಮೇಘನಾ ನದಿಗೆ ಮಗುಚಿಕೊಳ್ಳುತ್ತೆ ನೋಡ್ತಿರಿ" ಎಂದು ಚಹಾದಂಗಡಿಯಲ್ಲಿ ಕೂತು ದಿನವೂ ಭವಿಷ್ಯ ನುಡಿಯುತ್ತಿದ್ದವನು ನಾನೇ. ಆದರೆ ನನಗೊಂದು ಗಂಡುಮಗು ಬೇಕು ಎನ್ನುವುದಕ್ಕೂ ಅದಕ್ಕೂ ಏನು ಸಂಬಂಧ? ಒಂದು ಮಗು. ಒಂದು ಎನ್ನುವುದೂ ಒಂದು ಸಂಖ್ಯೆಯೇ?

ನನ್ನದು ಹಾಸಿಗೆ, ರಜಾಯಿ ಹೊಲಿಯುವ ಅಂಗಡಿ. ಲಿಪಿ, ಪಾಪ್ರಿ, ಟುನಿ ಎಂದು ಮೂವರು ಹೆಣ್ಣುಮಕ್ಕಳು. ಹೆಂಡತಿ ನುರುನ್ನಾಹಾರ್. (ಅವಳ ಹೆಸರಿನ ತುದಿಯಲ್ಲಿದ್ದ ಆಹಾರವೆಂಬುದು ನನ್ನ ತಲೆಗೆ ಹೇಗೆ ಕಟ್ಟಿತು ಎನ್ನುವುದೇ ಈ ಗೋಳಿನ ಸಾರಾಂಶ.) ಇವರೆಲ್ಲರ ಮೇಲೆ ನನ್ನ ಅಮ್ಮ. ಆರು ಜನಕ್ಕೆ ಒಂದೂವರೆ ಕೋಣೆಯ ತಗಡಿನ ಮನೆ. ಒಬ್ಬರು ಮಗ್ಗುಲು ಬದಲಿಸಿದರೆ ಉಳಿದವರೂ ಬದಲಿಸಬೇಕು. ಸೀನಿದರೆ ಸಾಮೂಹಿಕ ಸೀನು.

"ಇಷ್ಟು ಇಕ್ಕಟ್ಟಿನಲ್ಲಿ ಇನ್ನೊಂದನ್ನ ಎಲ್ಲಿ ಮಲಗಿಸೋದೋ?" ಎಂದು ಕೇಳಬೇಕಾದ ಅಮ್ಮನೇ ಕೇಳುತ್ತಿದ್ದುದು ಬೇರೆ. "ಮೂರು ಹೆಣ್ಣು ಹೆತ್ತು ಕೂತಿದ್ದಾಳೆ ನಿನ್ನ ಹೆಂಡ್ತಿ. ಪಾಟ್ವಾರಿ ವಂಶ ಇಲ್ಲಿಗೇ ಮುಗೀತೇನೋ?"

ವಂಶ ಎಂದರೆ ನನಗೂ ಎದೆಯುಬ್ಬುತ್ತದೆ. (ಆಸ್ತಿ ಏನಿಲ್ಲ, ಹತ್ತಿ ಹಿಂಜುವ ಒಂದು ಬಿಲ್ಲು ಇದೆ.) ಒಂದು ಮಧ್ಯಾಹ್ನ ಊಟವಾದ ಮೇಲೆ ಗಂಟಲು ಸರಿಮಾಡಿಕೊಂಡು ವಿಷಯ ಮಂಡಿಸಿದೆ. ಅವಳು ಮೀನಿನ ಪಾತ್ರೆ ತಿಕ್ಕುತ್ತಲೇ ಹೇಳಿದಳು:

"ಆಗಲಿ. ನನ್ನ ಪರೀಕ್ಷೆ ಮುಗೀಲಿ."

"ಯಾವ ಪರೀಕ್ಷೆ?"

"ಮೆಟ್ರಿಕ್ಕು. ಎಂಟನೇ ಕ್ಲಾಸಿನ ಬೆಂಚಿನಿಂದ ಎಬ್ಬಿಸಿಕೊಂಡು ಬಂದು ನಿಮಗೆ ಮದುವೆ ಮಾಡಿದ್ರು. ಅವತ್ತು ಭೂಗೋಳದ ಪಾಠ ನಡೀತಿತ್ತು. ಭೂಮಿ ಗುಂಡಗಿದೆ ಅನ್ನೋವರೆಗೆ ಬಂದಿತ್ತು. ಆಮೇಲೆ ಏನಾಯ್ತೋ ನನಗೆ ಗೊತ್ತೇ ಆಗ್ಲಿಲ್ಲ. ಹದಿನಾರು ತುಂಬೋಕೆ ಮುಂಚೆ ಲಿಪಿ ಹುಟ್ಟಿದ್ಲು." ಪಾತ್ರೆ ಕವುಚಿಟ್ಟು ಎದ್ದಳು. "ಹೈಸ್ಕೂಲಲ್ಲಿ ಮನೆ ಹೆಂಗಸರಿಗೆ ಅಂತ ಶುಕ್ರವಾರದ ಕ್ಲಾಸು ಶುರುವಾಗಿದೆ. ಹೆಸರು ಬರೆಸಿ ಬಂದೆ."

ಓದಲಿ ಪಾಪ, ನಾಲ್ಕು ಶುಕ್ರವಾರ ಕಳೆದರೆ ಹುಮ್ಮಸ್ಸು ಇಳಿಯುತ್ತದೆ ಎಂದುಕೊಂಡೆ. ಮೊಘಲ್ ಬಾದಷಹ ಜಹಗೀರು ಕೊಡುವ ಗತ್ತಿನಲ್ಲಿ "ಅನುಮತಿ ಇದೆ" ಎಂದೆ. ಅವಳು ಆಗಲೇ ಒಳಗೆ ಹೋಗಿದ್ದಳು.

ಹುಮ್ಮಸ್ಸು ಇಳಿಯಲಿಲ್ಲ. ಹಿರಿಮಗಳು ಲಿಪಿಯ ಪಕ್ಕದಲ್ಲೇ ಕೂತು ಓದಿದಳು. ಕೊನೆಗೆ ಪರೀಕ್ಷೆ ಬರೆದಳು, ಗಣಿತದಲ್ಲಿ ಫೇಲಾದಳು. ಸುದ್ದಿ ಕೇಳಿ ನಾನು ಓಡಿಹೋಗಿ ರಸಗುಲ್ಲ ತಂದು ಓಣಿಗೆಲ್ಲ ಹಂಚಿದೆ. ಹೆಂಡತಿ ಫೇಲಾದಳೆಂದು ಸಿಹಿ ಹಂಚುವ ಗಂಡನನ್ನು ಓಣಿ ಅದುವರೆಗೆ ಕಂಡಿರಲಿಲ್ಲ.

ಅವಳೂ ಎರಡು ರಸಗುಲ್ಲ ತಿಂದಳು. "ಮುಂದಿನ ವರ್ಷ ಮತ್ತೆ ಕಟ್ತೀನಿ."

"ಹಾಗಾದ್ರೆ... ಗಂಡುಮಗು?"

"ಪರೀಕ್ಷೆ ಮುಗೀಲಿ ಅಂದಿದ್ನಲ್ಲ ಲಿಪಿಯ ಅಬ್ಬಾ!" (ಅಪ್ಪ ಎಂದು ಕರೆದಳೋ, ಉದ್ಗಾರ ತೆಗೆದಳೋ, ಇವತ್ತಿಗೂ ತಿಳಿಯದು.) "ಮುಗೀಲಿಲ್ವಲ್ಲ!"

ಅಂದರೆ ಇವಳು ಪ್ರತಿವರ್ಷ ಫೇಲಾಗುತ್ತ ಹೋದರೆ ನನ್ನ ಮಗ ಆಕಾಶದಲ್ಲೇ ಮುದುಕನಾಗುತ್ತಾನೆ! ಇಲ್ಲ, ಇವಳನ್ನು ಪಾಸು ಮಾಡಿಸಲೇಬೇಕು. ಮರುದಿನವೇ ಒಲೆಯ ಮುಂದೆ ಕೂತೆ.

"ಅಯ್ಯೋ, ಗಂಡಸಾಗಿ ಒಲೆ ಊದ್ತೀಯಲ್ಲೋ! ನಿಮ್ಮಪ್ಪ ನೀರಿನ ಲೋಟ ಕೂಡ ತಾನಾಗಿ ಎತ್ತಿದೋರಲ್ಲ!" ಎಂದು ಅಮ್ಮ ಎದೆ ಬಡಿದುಕೊಂಡಳು.

"ಒಲೆ ಊದ್ತಿಲ್ಲಮ್ಮ, ನಿನ್ನ ಮೊಮ್ಮಗನಿಗೆ ದಾರಿ ಮಾಡ್ತಿದ್ದೀನಿ."

ನನ್ನ ಮೊದಲ ಖಿಚುಡಿ ಗೋಡೆಗೆ ಗಾರೆಯಾಗಲು ಯೋಗ್ಯವಾಗಿತ್ತು. ಮಕ್ಕಳ ತಲೆ ಬಾಚುವುದೂ ನನಗೇ ಬಂತು. ನನಗೆ ಗೊತ್ತಿದ್ದುದು ರಜಾಯಿ ಹೊಲಿಗೆಯೊಂದೇ. ಅದೇ ಕ್ರಮದಲ್ಲಿ ಟುನಿಯ ಜಡೆ ಹಾಕಿ ಕಳಿಸಿದೆ. ಅದನ್ನು ಬಿಚ್ಚಲು ಶಾಲೆಯಲ್ಲಿ ಮೂವರು ಟೀಚರುಗಳು ಕೂತರಂತೆ. ಹೇನು, ಜ್ವರ, ಕಳೆದುಹೋದ ಚಪ್ಪಲಿ, "ಅಬ್ಬಾ, ಅವಳು ನನ್ನ ಪೆನ್ಸಿಲ್ ಕಚ್ಚಿದ್ಲು" ಎಂಬ ಮೊಕದ್ದಮೆಗಳು, ಎಲ್ಲವೂ ನನ್ನ ನ್ಯಾಯಾಲಯಕ್ಕೇ ವರ್ಗವಾದವು. ಹಾಸಿಗೆ ಅಂಗಡಿಯವನಾಗಿದ್ದೂ ನನಗೆ ಹಾಸಿಗೆಯ ಮುಖ ಕಾಣದಾಯಿತು.

ಅವಳು ಓದುವಾಗ ಬೀಸಣಿಗೆ ಬೀಸುತ್ತಾ ಪ್ರಶ್ನೆ ಕೇಳುವುದೂ ನಾನೇ.

"ಹೇಳು, ಜನಸಂಖ್ಯೆ ಹೆಚ್ಚಲು ಕಾರಣಗಳೇನು?"

ಅವಳು ಪುಸ್ತಕದಿಂದ ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಒಂದು ಕಾರಣ ಬೀಸಣಿಗೆ ಬೀಸ್ತಾ ಕೂತಿದೆ. ಉಳಿದದ್ದು ಹೇಳ್ಲಾ?"

ಇದನ್ನಾದರೂ ಸಹಿಸಿದೆ. ಸಹಿಸಲಾಗದ್ದು ವಿಜ್ಞಾನದ ಪಾಠ. ಒಂದು ಸಂಜೆ ಅಮ್ಮ ಎಲೆಯಡಿಕೆ ಕುಟ್ಟುತ್ತಾ "ಹೆಣ್ಣು ಹೆರೋ ಹೊಟ್ಟೆ" ಎಂದು ತನ್ನ ರಾಗ ತೆಗೆದಿದ್ದಳು. ನುರುನ್ನಾಹಾರ್ ಗಟ್ಟಿಯಾಗಿ ಓದತೊಡಗಿದಳು. ಮಗು ಗಂಡೋ ಹೆಣ್ಣೋ ಎನ್ನುವುದು ತಾಯಿಯಿಂದ ಅಲ್ಲ, ತಂದೆಯಿಂದ ತೀರ್ಮಾನವಾಗುತ್ತದೆ ಎಂದು ಅದರಲ್ಲಿ ಬರೆದಿತ್ತು.

ಕುಟ್ಟಾಣಿ ನಿಂತಿತು.

"ಏನಂದೆ? ಇನ್ನೊಂದ್ಸಲ ಓದೇ."

ಮೂರು ಸಲ ಓದಿಸಿದಳು. ನಂಬಿಕೆ ಸಾಲದೆ ಲಿಪಿಯ ಕೈಲೂ ಓದಿಸಿದಳು. ಆಮೇಲೆ ಕುಟ್ಟಾಣಿ ಹಿಡಿದೇ ನನ್ನ ಕಡೆ ತಿರುಗಿದಳು.

"ಅಂದ್ರೆ ಇಷ್ಟು ವರ್ಷ ನೀನೇನೋ ಮಾಡಿದ್ದು? ಪಾಪ ಆ ಹುಡುಗೀನ ಬಾಯಿಗೆ ಬಂದ ಹಾಗೆ ಬೈದೆನಲ್ಲೋ! ಏಯ್ ಬೌಮಾ, ನನ್ನ ಸೊಸೆಯೇ, ನೀನು ಓದು ತಾಯಿ. ಇವನು ಇನ್ನೇನೇನು ಮಾಡಿದ್ದಾನೆ ಅಂತ ಅದರಲ್ಲಿ ಬರೆದಿದೆಯೋ ನೋಡು."

ಅಂದಿನಿಂದ ಮನೆಯಲ್ಲಿ ವಿರೋಧ ಪಕ್ಷ ನಾನೊಬ್ಬನೇ.

ನುರುನ್ನಾಹಾರ್ ಪಾಸಾದಳು. ಬರೀ ಪಾಸಲ್ಲ, ಫಸ್ಟ್ ಡಿವಿಷನ್. ಈ ಸಲ ರಸಗುಲ್ಲ ತರಲು ಹೊರಟವನ ಎದುರಿಗೆ ಓಣಿಯ ಗಂಡಸರೆಲ್ಲ ಗುಂಪಾಗಿ ನಿಂತಿದ್ದರು. ಮುಂದೆ ದರ್ಜಿ ಕುದ್ದೂಸ್.

"ಏನಪ್ಪಾ ನೀನು ಹಚ್ಚಿದ್ದು? ನಮ್ಮ ಮನೆಯವಳೂ ಹೆಸರು ಬರೆಸಿ ಬಂದಿದ್ದಾಳೆ. 'ಲಿಪಿಯ ಅಪ್ಪ ಬೇಯಿಸಲ್ವಾ' ಅಂತ ನನ್ನ ಕೈಗೆ ಸೌಟು ಕೊಟ್ಲು!"

"ನಂದೂ ಅದೇ ಕಥೆ. ಐದನೇದು ಬೇಡ, ಐದನೇ ಅಧ್ಯಾಯ ಇದೆ ಅಂತಾಳೆ!" ಎಂದ ಬೆಸ್ತರ ಮತೀನ್. ಹೊಡೆಯಲು ಬಂದವರು ಕೊನೆಗೆ ಬೇಳೆಗೆ ಉಪ್ಪು ಯಾವಾಗ ಹಾಕಬೇಕೆಂದು ಕೇಳಿಕೊಂಡು ಹೋದರು.

ಮನೆಗೆ ಬಂದು ನಾಚುತ್ತಾ ನಿಂತೆ. "ಪರೀಕ್ಷೆ ಮುಗೀತು..."

"ಒಂದು ಮುಗೀತು. ಇಂಟರ್ ಇದೆಯಲ್ಲ!"

ಇಂಟರ್ ಆದ ಮೇಲೆ ಬಿ.ಎ. ವಿದ್ಯೆಯೆಂಬುದು ಮೇಘನೆಯ ಹಾಗೆ, ಈ ದಡದಲ್ಲಿ ನಿಂತರೆ ಆ ದಡ ಕಾಣುವುದಿಲ್ಲ. ವರ್ಷಗಳು ಹರಿದವು. ನನ್ನ ಖಿಚುಡಿ ಖಿಚುಡಿಯಾಯಿತು. ಪಾಪ್ರಿಗೆ ಟೈಫಾಯ್ಡ್ ಆದಾಗ ಹಗಲೆಲ್ಲ ಹಣೆಗೆ ಒದ್ದೆಬಟ್ಟೆ ಹಾಕಿದವನು ನಾನು. ಟುನಿ ಮೊದಲ ಸಲ ತಾನೇ ಜಡೆ ಹಾಕಿಕೊಂಡ ದಿನ ಯಾಕೋ ಅಂಗಡಿಗೆ ಹೋಗಿ ಹತ್ತಿಯ ರಾಶಿಯಲ್ಲಿ ಮುಖವಿಟ್ಟು ಅತ್ತವನೂ ನಾನೇ. (ಹತ್ತಿಯ ದೂಳು ಎಂದು ಗಿರಾಕಿಗೆ ಹೇಳಿದೆ.) ಲಿಪಿಯನ್ನು ಹದಿನಾರಕ್ಕೇ ಕೇಳಿಕೊಂಡು ಬಂದ ಲಾಂಚು ಮಾಲೀಕರ ಮನೆಯವರಿಗೆ "ಅವಳ ಪರೀಕ್ಷೆ ಮುಗೀಲಿ" ಎಂದು ಉತ್ತರ ಕೊಟ್ಟದ್ದು ಬೇರೆ ಯಾರೂ ಅಲ್ಲ, ನನ್ನ ಅಮ್ಮ.

ಹೀಗಿರುತ್ತಾ ಬಿ.ಎ. ಫಲಿತಾಂಶ ಬಂತು. ನುರುನ್ನಾಹಾರ್ ಪಾಯಸ ಮಾಡಿ, ಬಟ್ಟಲು ನನ್ನ ಕೈಗಿಟ್ಟು, ಪಕ್ಕದಲ್ಲೇ ಕೂತಳು. ಧ್ವನಿಯಲ್ಲಿ ಹಾಲುಸಕ್ಕರೆ.

"ಲಿಪಿಯ ಅಬ್ಬಾ, ನನ್ನ ಪರೀಕ್ಷೆಗಳೆಲ್ಲ ಮುಗಿದ್ವು. ಪಾಪ, ಎಷ್ಟು ವರ್ಷ ಕಾದ್ರಿ ನೀವು. ಈಗ ಹೇಳಿ, ನಿಮ್ಮ ಆ ಗಂಡುಮಗು..."

ನನ್ನ ಕಣ್ಣಮುಂದೆ ಹೇನು ಹರಿದವು. ಜ್ವರದ ಸೀಸೆಗಳು ಸಾಲಾಗಿ ನಿಂತವು. ನನಗೆ ಬೇಕಾಗಿದ್ದ ಆ ವಂಶೋದ್ಧಾರಕ ನಡುಮನೆಯ ತುಂಬ ಚಪ್ಪಲಿ ಕಳೆದುಕೊಂಡು, ಪೆನ್ಸಿಲ್ ಕಚ್ಚಿಕೊಂಡು ಓಡಾಡತೊಡಗಿದ. ಬಾಯಿಂದ ಏನು ಬಂತೋ ನನಗೇ ತಿಳಿಯಲಿಲ್ಲ.

"ನನಗೆ... ನನಗೆ ಪರೀಕ್ಷೆ ಇದೆ!"

"ಯಾವ ಪರೀಕ್ಷೆ?"

"ಮೆಟ್ರಿಕ್! ನಾನೂ ಒಂಬತ್ತನೇ ಕ್ಲಾಸಿಗೇ ಬಿಟ್ಟವನಲ್ವಾ? ಶುಕ್ರವಾರದ ಕ್ಲಾಸಿಗೆ ಈಗ ಗಂಡಸರನ್ನೂ ಸೇರಿಸ್ಕೊಳ್ತಾರಂತೆ. ನಾಳೆಯೇ ಹೆಸರು ಬರೆಸ್ತೀನಿ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಭುಜ ಕುಲುಕುತ್ತಿತ್ತು. ಪಾಪ, ಆಸೆ ಇಟ್ಟುಕೊಂಡಿದ್ದಳು, ಅಳುತ್ತಿದ್ದಾಳೆ ಎಂದುಕೊಂಡೆ. ಒಳಗಿನಿಂದ ಅವಳೂ ಮೂವರು ಮಕ್ಕಳೂ ನನ್ನ ಅಮ್ಮನೂ ಒಟ್ಟಿಗೇ ನಕ್ಕಾಗ ತಗಡಿನ ಮಾಡು ಅದುರಿತು.

ಮಾತು ಆಡಿಯಾಗಿತ್ತು. ಗಂಡಸಿನ ಮಾತು. ಶುಕ್ರವಾರ ಬೆಳಿಗ್ಗೆ ಹೊಸ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟೆ. "ನೀವು ಮುಂದೆ ಹೋಗಿ, ನನಗೆ ಸ್ವಲ್ಪ ಕೆಲಸ ಇದೆ" ಎಂದಳು ಹೆಂಡತಿ. ಹಿಂದಿನ ಬೆಂಚಿನಲ್ಲಿ ಮೊಣಕಾಲು ತೂರಿಸಿಕೊಂಡು ಕೂತೆ. ಪಕ್ಕದಲ್ಲಿ ಮತೀನನ ಹೆಂಡತಿ. ಬಾಗಿಲಲ್ಲಿ ನೆರಳಾಯಿತು, ಎಲ್ಲರೂ ಎದ್ದರು, ನಾನೂ ಎದ್ದೆ. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಸೀಮೆಸುಣ್ಣ. ಒಳಗೆ ಬಂದವಳು ನಮ್ಮ ಹೊಸ ಟೀಚರು, ನುರುನ್ನಾಹಾರ್!

ಕೂತಳು, ಕನ್ನಡಕ ಏರಿಸಿದಳು, ಹಾಜರಿ ಕೂಗತೊಡಗಿದಳು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸತ್ತರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಸರದಿ ಬಂದಾಗ ಏನು ಮಾಡುತ್ತಾಳೋ ನೋಡೋಣ ಎಂದು ಮೀಸೆಯೊಳಗೇ ನಗುತ್ತಾ ಕೂತೆ.

"ಮೊಫಜ್ಜಲ್ ಹುಸೇನ್ ಪಾಟ್ವಾರಿ!"

ಇಷ್ಟು ವರ್ಷದ ಸಂಸಾರದಲ್ಲಿ ಅವಳ ಬಾಯಲ್ಲಿ ನನ್ನ ಹೆಸರು ಮೊದಲ ಸಲ. ಎಷ್ಟು ಚೆನ್ನಾಗಿತ್ತೆಂದರೆ, ಯಾರಪ್ಪಾ ಈ ದೊಡ್ಡ ಮನುಷ್ಯ ಎಂದು ನಾನೇ ಬಾಯಿ ತೆರೆದು ಸುತ್ತ ನೋಡಿದೆ.

"ಗೈರುಹಾಜರು" ಎಂದು ಗುರುತು ಹಾಕಿ ಅವಳು ಮುಂದಿನ ಹೆಸರು ಕೂಗಿದಳು.