ಮಾವ ಮತ್ತು ನಮ್ಮ ಸಾಗವಾನಿ ಮೇಜು

ನನ್ನ ಸೋದರಮಾವನನ್ನು ಮನೆಗೆ ಕರೆಯುವುದೂ ಒಂದೇ, ಜಪ್ತಿಗೆ ಬರುವ ಕೋರ್ಟಿನ ಅಮೀನನನ್ನು ಕರೆಯುವುದೂ ಒಂದೇ! ಬಂದವನು ಮನುಷ್ಯರನ್ನು ಮಾತಾಡಿಸುತ್ತಾನೆಯೇ? ಊಹೂಂ. ಕುರ್ಚಿ ತಟ್ಟುತ್ತಾನೆ, ಕಪಾಟು ಮೂಸುತ್ತಾನೆ, ಮಂಚದಡಿ ನುಗ್ಗುತ್ತಾನೆ. ಇಪ್ಪತ್ತು ವರ್ಷ ಮರದ ಡಿಪೋದಲ್ಲಿ ಕಾರಕೂನನಾಗಿದ್ದವನಿಗೆ ಅಂಟಿದ ಚಾಳಿ ಅದು.

ಹೊನ್ನಾವರದಲ್ಲಿ ಯಾರೋ ತೀರಿಕೊಂಡರೆಂದು ಮನೆಯವರನ್ನು ಮಾತಾಡಿಸಲು ಹೋದವನು ಸತ್ತವರ ಮೇಜನ್ನೇ ಬೋರಲು ಹಾಕಿದ್ದ. "ಅಂಚು ನೋಡಿ! ಗಟ್ಟಿ ಮರ ಆದ್ರೆ ಮೇಲಿನ ಗೆರೆ ಅಂಚಲ್ಲೂ ಮುಂದುವರೀತದೆ. ಇದೆಂತ? ಮೇಲೊಂದು ಗೆರೆ, ಅಂಚಿಗೊಂದು ಗೆರೆ! ವಿನಿಯರು ಇದು. ಸಾಗವಾನಿ ಬರೀ ಸಿಪ್ಪೆ, ಒಳಗೆ ಮಾವು!" ಅಳುತ್ತಿದ್ದ ಮಕ್ಕಳು ಅಳು ನಿಲ್ಲಿಸಿ ಅಂಚು ನೋಡಿದರಂತೆ.

ನಮ್ಮ ಕುಮಟೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. "ಮನೇಲಿ ಎಂತದೂ ಇಲ್ಲ" ಎಂದು ಅಕ್ಕನ ಎರಡು ಸಂಬಂಧ ತಪ್ಪಿಹೋಗಿದ್ದವು. ಮೂರನೆಯವರು ಭಟ್ಕಳದಿಂದ ಬರುವ ಮುನ್ನ ಅಪ್ಪ ಮಿರಿಮಿರಿ ಮಿಂಚುವ ಮೇಜೊಂದನ್ನು ತಂದ. "ಇಡೀ ಸಾಗವಾನಿ ಅಂತ್ಲೇ ಹೇಳ್ಬೇಕು, ಕೇಳ್ತಾ?" ಎಂದು ನಮಗೆಲ್ಲ ಪಾಠವನ್ನೂ ಮಾಡಿದ. ಮಾವನಿಗೆ ಮಾತ್ರ ಸುದ್ದಿಯನ್ನೇ ಕೊಡಲಿಲ್ಲ. ಆದರೂ ಹುಡುಗನ ಸಮೇತ ಬಂದ ಗಂಡಿನವರ ಬೆನ್ನಿಗೇ ಬಂದುಬಿಟ್ಟನಲ್ಲ! ಬಂದು, ಮೇಜಿನ ಪಕ್ಕದಲ್ಲೇ ಕೂತ.

ಗಂಡಿನ ತಂದೆ ಮೇಜು ಸವರಿದರು. "ಇಡೀ ಸಾಗವಾನಿಯಾ?"

"ಇ... ಇಡೀ," ಎಂದ ಅಪ್ಪ.

ಮಾವನ ಕಣ್ಣು ಅಂಚಿಗೆ ಹೋಯಿತು. ಬಾಯಿ ತೆರೆದ. ಅಪ್ಪನ ಮುಖ ಬಿಳುಚಿಕೊಂಡಿತು. ಅಷ್ಟರಲ್ಲಿ ಚಹಾ ತಂದ ಅಕ್ಕ ಕುದಿಯುವ ಕಿಟ್ಲಿಯನ್ನು ಬರೀ ಮೇಜಿನ ಮೇಲೇ ಇಟ್ಟುಬಿಟ್ಟಳು. ಎತ್ತಿದಾಗ ನೋಡುತ್ತೇನೆ, ಅಂಟು ಬಿಟ್ಟು ಸಿಪ್ಪೆ ಹಪ್ಪಳದಂತೆ ಉಬ್ಬಿದೆ! ಮಾವನೂ ನೋಡಿದ. ಇನ್ನು ಇವನು ಬಿಡುತ್ತಾನೆಯೇ? ಈ ಸಂಬಂಧವೂ ಮುರಿಯಿತು ಎಂದುಕೊಂಡೆ.

ಮಾವ ಆ ಉಬ್ಬಿನ ಮೇಲೆ ಅಂಗೈ ಊರಿದ. ಊರಿದವನು ಅಲುಗಲಿಲ್ಲ. ದಿನಕ್ಕೆ ಹತ್ತು ಲೋಟ ಕುಡಿಯುವವನು ಚಹಾ ಬೇಡವೆಂದ. "ಹುಡುಗಿ ಒಪ್ಪಿಗೆ, ಆತು" ಎಂದು ಗಂಡಿನವರು ಎದ್ದುನಿಂತರೂ ಇವನೊಬ್ಬ ಕೂತೇ ಇದ್ದ!

"ಇವರಿಗೆ ಕಾಲು ನೋವಾ?" ಎಂದು ಗಂಡಿನ ತಂದೆ ಕೇಳಿದರು.

"ಹೌದು. ವಾತ," ಎಂದ ಮಾವ. ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವರು ಬಸ್ಸಿಗೆ ಹೋದ ಮೇಲೆ ಕೈ ಎತ್ತಿದ. ಸಿಪ್ಪೆ ನೆಟ್ಟಗೆ ಅಂಟಿ ಕೂತಿತ್ತು. ಅಂಗೈಯಲ್ಲಿ ಕೆಂಪಗೆ ಬೊಬ್ಬೆ ಎದ್ದಿತ್ತು. ಅಕ್ಕ ತೆಂಗಿನೆಣ್ಣೆ ಹಚ್ಚುತ್ತಾ ಅಳತೊಡಗಿದಳು.

"ಅಳೂದೆಂತಕೆ? ಬಿಸಿ ಇದ್ದಾಗ ಒತ್ತಿದ್ರೆ ಅಂಟು ಹಿಡೀತದೆ," ಎಂದವನು ಮತ್ತೆ ಕೇಳಿದ. "ಈ ಗಡಿಬಿಡೀಲಿ ನಾ ಹುಡುಗನ್ನ ನೋಡ್ಲೇ ಇಲ್ಲ ಮಾರಾಯ್ತಿ. ನಿಂಗೆ ಅಂವ ಮನಸ್ಸಿಗೆ ಬಂದ್ನಾ?"

ಮೂರು ಸಂಬಂಧ ನೋಡಿದ ಮನೆಯಲ್ಲಿ ಅವಳನ್ನು ಆ ಮಾತು ಕೇಳಿದವನು ಅವನೊಬ್ಬನೇ. ಅಕ್ಕ ಎಣ್ಣೆ ಹಚ್ಚುತ್ತಲೇ ತಲೆ ತಗ್ಗಿಸಿ, ಹೂಂ ಎಂದಳು.